52ರಲ್ಲಿ 27 ಕಳೆದರೆ 35 ಎನ್ನುವ ಮಕ್ಕಳಿಗೆ ಯಾವ ಆಟ?

ರಾಯಚೂರು ಕಡೆಯ ಮೂರನೇ ತರಗತಿ ಮಕ್ಕಳ ಈ ತಪ್ಪಿಗೆ ಆಟ ಕೇಳಿದ್ದೀರಿ. ಅವರು ಎಲ್ಲೆಡೆ ದೊಡ್ಡ ಅಂಕಿಯಲ್ಲಿ ಸಣ್ಣದನ್ನು ಕಳೆಯುತ್ತಿದ್ದಾರೆ: 7ರಲ್ಲಿ 2, 5ರಲ್ಲಿ 2. ಹತ್ತನ್ನು ಬಿಚ್ಚುವುದು ಇನ್ನೂ ಕೈಗೆ ಬಂದಿಲ್ಲ, ಅಷ್ಟೇ.

ಇಬ್ಬಿಬ್ಬರನ್ನು ಕೂರಿಸಿ, ಪ್ರತಿಯೊಬ್ಬರಿಗೂ ಹತ್ತತ್ತು ಕಡ್ಡಿಯ 5 ಕಟ್ಟು, 2 ಬಿಡಿ ಕಡ್ಡಿ ಕೊಡಿ. ಚೌಕಾಬಾರಕ್ಕೆ ಮಾಡುವಂತೆ 9 ಹುಣಸೆ ಬೀಜಗಳ ಒಂದು ಬದಿ ಉಜ್ಜಿ ಬಿಳಿ ಮಾಡಿ. ಎಸೆದಾಗ ಎಷ್ಟು ಬಿಳಿ ಮೇಲಾದವೋ ಅಷ್ಟು ಕಡ್ಡಿ ನಡುವಿನ ಡಬ್ಬಿಗೆ. ಬಿಡಿ ಸಾಲದಿದ್ದರೆ ಒಂದು ಕಟ್ಟು ಬಿಚ್ಚಲೇಬೇಕು. ಮೊದಲು ಕೈ ಖಾಲಿ ಮಾಡಿದವರು ಗೆದ್ದಂತೆ.

ಚುರುಕಿನವರು ಇಡೀ ಕಟ್ಟು ಹಾಕಿ ಚಿಲ್ಲರೆ ವಾಪಸ್ ತೆಗೆಯುತ್ತಾರೆ. ಲೆಕ್ಕ ಸರಿಯೇ, ಆದರೆ ಬಿಚ್ಚುವ ಅಭ್ಯಾಸ ತಪ್ಪುತ್ತದೆ. ಮೊದಲ ವಾರ ಬಿಡಬೇಡಿ. ಪ್ರತಿ ಎಸೆತವನ್ನೂ ಪಾಟಿಯ ಮೇಲೆ ಬರೆಸಿ: 6 ಬಿದ್ದರೆ 52 − 6 = 46. ಕಟ್ಟು ಬಿಚ್ಚಿದಾಗಲೇ 5 ಹೊಡೆದು 4 ಮಾಡಿಸಿ.