ಕೊಚ್ಚಿಗೆ ಒಂದೇ ದಿನ, ಅದೂ ಕಾಲ್ನಡಿಗೆಯಲ್ಲಿ

ಪ್ರಶ್ನೆ: ರಜೆಗೆ ಕೇರಳಕ್ಕೆ ಹೊರಟಿದ್ದೇವೆ. ಕೊಚ್ಚಿಗೆ ಸಿಗುವುದು ಒಂದೇ ದಿನ. ಉಳಿಯುವುದು ಎರ್ನಾಕುಲಂನಲ್ಲಿ. ನಮ್ಮವರು ಇಡೀ ದಿನಕ್ಕೆ ಟ್ಯಾಕ್ಸಿ ಮಾಡೋಣ ಅನ್ನುತ್ತಾರೆ. ನನಗೆ ಹಳೇ ಕೊಚ್ಚಿಯನ್ನು ನಡೆದೇ ನೋಡುವ ಆಸೆ. ಜೊತೆಗೆ ಅತ್ತೆ ಬರುತ್ತಿದ್ದಾರೆ, ಅವರಿಗೆ ಮಂಡಿ ನೋವು. ಆಗುತ್ತಾ ಮೇಡಂ?

ಉತ್ತರ: ಆಗುತ್ತೆ. ಮೊದಲು ಟ್ಯಾಕ್ಸಿ ಬಿಡಿ. ಬಂದರಿನ ಊರಿಗೆ ರಸ್ತೆಯಲ್ಲಿ ಹೋಗುವುದೆಂದರೆ ಮದುವೆ ಮನೆಗೆ ಹಿತ್ತಲ ಬಾಗಿಲಿನಿಂದ ನುಗ್ಗಿದ ಹಾಗೆ. ಎರ್ನಾಕುಲಂ ಬೋಟ್ ಜೆಟ್ಟಿಯಿಂದ ಹಳೇ ಕೊಚ್ಚಿಯ ಫೋರ್ಟ್ ಕೊಚ್ಚಿಗೆ ಸರ್ಕಾರಿ ಬೋಟ್ ಇದೆ. ಹೈಕೋರ್ಟ್ ಹತ್ತಿರದಿಂದ ವಾಟರ್ ಮೆಟ್ರೋ ಕೂಡ ಇದೆ. ಎಡಗಡೆ ಕೂತುಕೊಳ್ಳಿ, ವಿಲ್ಲಿಂಗ್ಡನ್ ದ್ವೀಪ ಕಾಣುತ್ತದೆ. ಅದರ ಬಹುಭಾಗ ಮನುಷ್ಯರು ಮಾಡಿದ್ದು. ಬಂದರಿನ ಬಾಯಿಗೆ ಅಡ್ಡವಾಗಿ ಮರಳಿನ ದಿಬ್ಬ ಇತ್ತು, ದೊಡ್ಡ ಹಡಗು ಒಳಗೆ ಬರುತ್ತಿರಲಿಲ್ಲ. 1920ರಲ್ಲಿ ಬಂದ ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ ಅದನ್ನು ಕಡಿಸಿದರು. ಹೂಳೆತ್ತಿದ ಮಣ್ಣನ್ನೇ ಹಾಕಿ ಆ ದ್ವೀಪ ಬೆಳೆಸಿದರು.

ಬಿಸಿಲೇರುವ ಮುಂಚೆ ಫೋರ್ಟ್ ಕೊಚ್ಚಿಯಲ್ಲಿ ಇಳಿದರೆ ಅರ್ಧ ಗೆದ್ದಂತೆ. ದಡದಲ್ಲಿ ಮೀನು ಹಿಡಿಯುವ ಚೀನಾ ಬಲೆಗಳನ್ನು ನೋಡುವಾಗ ಬಲೆಯನ್ನಲ್ಲ, ಹಿಂದೆ ಹಗ್ಗದಲ್ಲಿ ತೂಗುವ ಕಲ್ಲುಗಳನ್ನು ನೋಡಿ. ಆ ಭಾರ ಇರುವುದರಿಂದಲೇ ನಾಲ್ಕಾರು ಜನ ಸೇರಿ ಅಷ್ಟು ದೊಡ್ಡ ಬಲೆ ಎತ್ತಲು ಸಾಧ್ಯ. ಹಗ್ಗ ಎಳೆಯಲು ಕರೆದರೆ ಆಮೇಲೆ ದುಡ್ಡು ಕೇಳುತ್ತಾರೆ, ಗೊತ್ತಿರಲಿ. ಇಲ್ಲಿ ಅರ್ಧ ಗಂಟೆ ಸಾಕು. ಜನ ಸುಮ್ನೆ ಇಡೀ ಬೆಳಿಗ್ಗೆ ಕಳೆದುಬಿಡುತ್ತಾರೆ.

ಹತ್ತಿರದಲ್ಲೇ ಸೇಂಟ್ ಫ್ರಾನ್ಸಿಸ್ ಚರ್ಚ್. ವಾಸ್ಕೋ ಡ ಗಾಮ 1524ರಲ್ಲಿ ಕೊಚ್ಚಿಯಲ್ಲೇ ತೀರಿಕೊಂಡ. ಮೊದಲು ಮಣ್ಣು ಮಾಡಿದ್ದು ಇಲ್ಲೇ. ಅಸ್ಥಿ ಆಮೇಲೆ ಪೋರ್ಚುಗಲ್ಲಿಗೆ ಹೋಯಿತು, ಸಮಾಧಿಯ ಕಲ್ಲು ಉಳಿದಿದೆ. ತಲೆ ಎತ್ತಿದರೆ ಕೈಯಿಂದ ಎಳೆಯುವ ಬಟ್ಟೆಯ ಪಂಖಾಗಳು ಕಾಣುತ್ತವೆ. ಒಳಗೆ ಪ್ರಾರ್ಥನೆ ನಡೆಯುವಾಗ ಹೊರಗೆ ಕೂತ ಆಳು ಸೆಕೆಯಲ್ಲಿ ಹಗ್ಗ ಎಳೆಯುತ್ತಿದ್ದ. ನನಗೆ ಗಾಮನಿಗಿಂತ ಅವನ ಬಗ್ಗೆಯೇ ಕುತೂಹಲ ಜಾಸ್ತಿ.

ಇಲ್ಲಿಂದ ಅತ್ತೆಯನ್ನು ಆಟೋದಲ್ಲಿ ಮಟ್ಟಾಂಚೇರಿ ಅರಮನೆಗೆ ಕಳಿಸಿ. ನಿಮ್ಮವರನ್ನೂ ಜೊತೆಗೆ ಕೂರಿಸಿ, ಗಾಡಿಯ ಆಸೆ ತೀರುತ್ತದೆ. ನೀವು ಮಾತ್ರ ಬಜಾರ್ ರೋಡ್ ಹಿಡಿದು ನಡೆಯಿರಿ. ಸುಮಾರು ಮೂರು ಕಿಲೋಮೀಟರ್. ನೆರಳು ಕಡಿಮೆ, ಲಾರಿ ಜಾಸ್ತಿ, ಫುಟ್‌ಪಾತ್ ನಂಬಬೇಡಿ. ಆದರೂ ಕೊಚ್ಚಿ ಅಂದರೆ ನನ್ನ ಪ್ರಕಾರ ಈ ರಸ್ತೆಯೇ. ಒಂದು ಬದಿಗೆ ಹಳೇ ಹೆಂಚಿನ ಗೋಡೌನುಗಳು, ಅವುಗಳ ಹಿಂಬಾಗಿಲು ನೇರ ನೀರಿಗೆ. ಮೆಣಸು, ಶುಂಠಿಯ ಮೂಟೆ ದೋಣಿಗೆ ಇಳಿಯುತ್ತಿದ್ದುದು ಅಲ್ಲಿಂದ. ಪೋರ್ಚುಗೀಸರು, 1663ರಲ್ಲಿ ಡಚ್ಚರು, 1795ರಲ್ಲಿ ಇಂಗ್ಲಿಷರು ಈ ಊರಿಗಾಗಿ ಹೊಡೆದಾಡಿದ್ದು ಚರ್ಚಿನ ಅಂದ ನೋಡಿ ಅಲ್ಲವಲ್ಲ! ತೆರೆದ ಬಾಗಿಲ ಮುಂದೆ ನಿಂತು ಮೂಗು ಚುರುಕು ಮಾಡಿ. ಒಳಗೆ ಹೋಗುವ ಮುಂಚೆ ಕೇಳಿ, ಅದು ಅವರ ದುಡಿಮೆಯ ಜಾಗ.

ಅರಮನೆಯನ್ನು ಎಲ್ಲರೂ ಡಚ್ ಅರಮನೆ ಅನ್ನುತ್ತಾರೆ. ಕಟ್ಟಿಸಿ ರಾಜನಿಗೆ ಕೊಟ್ಟವರು ಪೋರ್ಚುಗೀಸರು, ಡಚ್ಚರು ರಿಪೇರಿ ಮಾಡಿದರು, ಹೆಸರು ಮಾತ್ರ ಅವರಿಗೆ. ಗೋಡೆಯ ರಾಮಾಯಣದ ಚಿತ್ರಗಳ ಮುಂದೆ ಅವಸರ ಮಾಡಬೇಡಿ. ಮೆಟ್ಟಿಲು ಹತ್ತಬೇಕು, ಅತ್ತೆಗೆ ಮೊದಲೇ ಹೇಳಿಡಿ.

ಪ್ರಶ್ನೆ: ಶನಿವಾರ ಹೋದರೆ ಪರವಾಗಿಲ್ವಾ?

ಉತ್ತರ: ಬೇಡ. ಅರಮನೆಯ ಪಕ್ಕದಲ್ಲೇ 1568ರ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ ಇದೆ. ಶನಿವಾರ ಅವರ ಸಬ್ಬತ್, ಅಂದರೆ ವಾರದ ಪವಿತ್ರ ವಿಶ್ರಾಂತಿಯ ದಿನ, ಬಾಗಿಲು ಹಾಕಿರುತ್ತದೆ. ಚೀನಾದಿಂದ ತರಿಸಿದ, ಕೈಯಲ್ಲಿ ನೀಲಿ ಚಿತ್ರ ಬರೆದ ನೆಲದ ಹೆಂಚುಗಳನ್ನು ನೋಡದೆ ಬರಬೇಡಿ. ಶುಕ್ರವಾರ ಅರಮನೆಗೆ ರಜೆ. ಉಳಿದ ದಿನ ನೋಡಿಕೊಳ್ಳಿ.

ಪ್ರಶ್ನೆ: ಅತ್ತೆ ಮನೆಯಲ್ಲಿ ಮಾತಾಡುವುದು ಕೊಂಕಣಿ. ಕೊಚ್ಚಿಯಲ್ಲಿ ಅವರಿಗೆ ಹಿಡಿಸುವಂಥದ್ದು ಏನಿದೆ?

ಉತ್ತರ: ಇದನ್ನು ಮೊದಲೇ ಹೇಳಬಾರದಿತ್ತೇ! ಮಟ್ಟಾಂಚೇರಿಯಲ್ಲಿ ಗೌಡ ಸಾರಸ್ವತರು ತಲೆಮಾರುಗಳಿಂದ ಇದ್ದಾರೆ. ಗೋವಾ ಬಿಟ್ಟು ಬಂದವರು. ಚೆರ್ಲಾಯಿಯಲ್ಲಿ ಅವರ ತಿರುಮಲ ದೇವಸ್ಥಾನವಿದೆ. ಡಚ್ ಅಧಿಕಾರಿ ವಾನ್ ರೀಡ್ ಮಲಬಾರಿನ ಗಿಡಮೂಲಿಕೆಗಳ ದೊಡ್ಡ ಗ್ರಂಥ ಮಾಡಿಸಿದಾಗ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಕೊಂಕಣಿ ವೈದ್ಯರು ನೆರವಾದರು. 1678ರ ಮೊದಲ ಸಂಪುಟದಲ್ಲಿ ಅವರ ಕೊಂಕಣಿ ಹೇಳಿಕೆ ನಾಗರಿ ಲಿಪಿಯಲ್ಲೇ ಅಚ್ಚಾಗಿದೆ. ಅಚ್ಚಾಗಿದ್ದು ಎಲ್ಲಿ ಗೊತ್ತಾ? ಆಮ್‌ಸ್ಟರ್‌ಡ್ಯಾಮಿನಲ್ಲಿ. ಬೋಟಿನಲ್ಲೇ ಅತ್ತೆಗೆ ಈ ಕಥೆ ಹೇಳಿ.

ಕೇರಳದ ದೇವಸ್ಥಾನಗಳು ಮಧ್ಯಾಹ್ನ ಬಾಗಿಲು ಹಾಕುತ್ತವೆ, ಹಾಗಾಗಿ ಸಂಜೆಗೆ ಇಟ್ಟುಕೊಳ್ಳಿ. ಗಂಡಸರು ಅಂಗಿ ತೆಗೆಯಬೇಕಾಗಬಹುದು. ನಿಮ್ಮವರು ಟೀ ಶರ್ಟ್ ಬಿಟ್ಟು ಗುಂಡಿ ಇರುವ ಅಂಗಿ ಹಾಕಿಕೊಂಡರೆ ಒಳ್ಳೆಯದು.