ಅಪ್ಪ ಅಮ್ಮನನ್ನು ಸ್ಯಾನ್ ಫ್ರಾನ್ಸಿಸ್ಕೋದ ಓಷನ್ ಬೀಚ್‌ಗೆ ಯಾವಾಗ ಕರೆದುಕೊಂಡು ಹೋಗಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ದಾವಣಗೆರೆಯಿಂದ ನಿಮ್ಮ ಅಪ್ಪ ಅಮ್ಮ ಜುಲೈನಲ್ಲಿ ಬರುತ್ತಿದ್ದಾರೆ, ಅಕ್ಟೋಬರ್ ಕೊನೆವರೆಗೂ ಇರುತ್ತಾರೆ. ಓಷನ್ ಬೀಚ್‌ನಲ್ಲಿ ಅವರಿಗೆ ಸೂರ್ಯ ಮುಳುಗುವುದನ್ನು ತೋರಿಸಬೇಕು. ಮುರ್ಡೇಶ್ವರದಲ್ಲಿ ಆಡಿದ ಹಾಗೆ ಸ್ವಲ್ಪ ಹೊತ್ತು ನೀರಿನಲ್ಲೂ ಆಡಿಸಬೇಕು. ಯಾವಾಗ ಹೋದರೆ ಒಳ್ಳೆಯದು?

ಖಂಡಿತ ಕರೆದುಕೊಂಡು ಹೋಗಿ. ಸೂರ್ಯಾಸ್ತಕ್ಕೆ ಸೆಪ್ಟೆಂಬರ್ ಅರ್ಧ ಕಳೆಯುವವರೆಗೆ ಕಾಯಿರಿ. ನೀರಿಗೆ ಮಾತ್ರ ಯಾವ ತಿಂಗಳಲ್ಲೂ ಇಳಿಸಬೇಡಿ.

ನಾನು ಮಲ್ಪೆ ಪಕ್ಕದ ಊರಿನವನು. ಹನ್ನೊಂದು ವರ್ಷದಿಂದ ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ರೀಮಾಂಟ್‌ನಲ್ಲಿದ್ದೇನೆ. ಕಡಲು ನೋಡದೆ ಇರೋಕೆ ಆಗಲ್ಲ, ಅದಕ್ಕೇ ತಿಂಗಳಿಗೆ ಒಂದು ಸಲವಾದರೂ ಓಷನ್ ಬೀಚ್‌ಗೆ ಹೋಗುತ್ತೇನೆ. ಆ ಜಾಗದ ಮೇಲೆ ನನಗೆ ತುಂಬಾ ಪ್ರೀತಿ ಇದೆ. ಆದರೆ ಊರಿನ ಕಡಲಿಗೆ ಹೋದ ಹಾಗೆ ಅಲ್ಲಿಗೆ ಹೋಗಬಾರದು ಅನ್ನೋದನ್ನು ಕಲಿಯಲು ನನಗೆ ಒಂದು ಕೆಟ್ಟ ಸಂಜೆ ಬೇಕಾಯಿತು.

ನಮ್ಮ ಅಪ್ಪ ಅಮ್ಮ ಮೊದಲ ಸಲ ಬಂದ ವರ್ಷ ಅದು. ಜುಲೈ ತಿಂಗಳು. ಫ್ರೀಮಾಂಟ್‌ನಲ್ಲಿ 32 ಡಿಗ್ರಿ ಬಿಸಿಲು. ಅಮ್ಮ ಕಾಟನ್ ಸೀರೆ ಉಟ್ಟಿದ್ದರು, ಅಪ್ಪ ಅರ್ಧ ತೋಳಿನ ಅಂಗಿ ಹಾಕಿದ್ದರು. ಒಂದು ಗಂಟೆ ಡ್ರೈವ್ ಮಾಡಿ ಬೀಚ್ ಹತ್ತಿರ ಕಾರಿನ ಬಾಗಿಲು ತೆಗೆದರೆ ಗಾಳಿ ಬಾಗಿಲನ್ನೇ ಕಿತ್ತುಕೊಳ್ಳುವ ಹಾಗೆ ಬಡಿಯಿತು. ಕಣ್ಣಿಗೆ ಮರಳು. ಎದುರಿಗೆ ಬರೀ ಮಂಜು. ಕಡಲು ಇದೆ ಅಂತ ಗೊತ್ತಾದದ್ದು ಸದ್ದಿನಿಂದ ಮಾತ್ರ. ಅಮ್ಮ ಐದು ನಿಮಿಷದಲ್ಲಿ ನಡುಗುತ್ತಾ ಕಾರಿಗೆ ಹೋಗಿ ಕೂತರು. ಅಪ್ಪ ಮಾತ್ರ ನೀರಿನ ಕಡೆ ನಡೆದರು. ಒದ್ದೆ ಮರಳಿನ ಅಂಚಿನಲ್ಲಿ ಚಪ್ಪಲಿ ಬಿಟ್ಟು ನಿಂತರು. ಆ ತನಕ ಅಲೆಗಳು ಅವರಿಂದ ಇಪ್ಪತ್ತು ಅಡಿ ಆಚೆಗೇ ನಿಲ್ಲುತ್ತಿದ್ದವು. ಇದ್ದಕ್ಕಿದ್ದ ಹಾಗೆ ಒಂದು ದೊಡ್ಡದು ಬಂತು. ತೊಡೆಯವರೆಗೆ ನೀರು. ವಾಪಸ್ ಹೋಗುವಾಗ ಅದು ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಯಿತು. ಅಪ್ಪ ಮಂಡಿಯೂರಿ ಬಿದ್ದರು. ನಾನು ಓಡಿ ಹೋಗಿ ಎಬ್ಬಿಸಿದೆ. ಚಪ್ಪಲಿ ಹೋಯಿತು. ಕಾರಿನಲ್ಲಿ ಹೀಟರ್ ಹಾಕಿದರೂ ಅವರ ಹಲ್ಲು ಕಟಕಟ ಅನ್ನುವುದು ನಿಲ್ಲಲು ಅರ್ಧ ಗಂಟೆ ಬೇಕಾಯಿತು. ಈ ಥರ ಹೇಳದೆ ಕೇಳದೆ ಬರುವ ಅಲೆಗೆ ಇಲ್ಲಿನವರು ಸ್ನೀಕರ್ ವೇವ್ ಅನ್ನುತ್ತಾರೆ. ಈ ಕರಾವಳಿಯಲ್ಲಿ ಅದಕ್ಕೆ ಸಿಕ್ಕಿ ಜನ ಸತ್ತದ್ದೂ ಇದೆ.

ಮನೆಗೆ ಬರುವಾಗ ಅಪ್ಪ ಹೇಳಿದ್ದು ಒಂದೇ ಮಾತು: "ಈ ಕಡಲಿನ ಸೆಳೆತ ಬೇರೆ ಉಂಟು. ಇದಕ್ಕೆ ಬೆನ್ನು ಹಾಕಬಾರದು." ಚಿಕ್ಕಂದಿನಿಂದ ಕಡಲು ನೋಡಿದವರು ಹೇಳಿದ ಮಾತು ಅದು, ನೀವೂ ನೆನಪಿಟ್ಟುಕೊಳ್ಳಿ.

ಇಲ್ಲಿನ ನೀರಿನ ಬಿಸಿ ವರ್ಷದ ಹೆಚ್ಚು ಕಾಲ 10ರಿಂದ 13 ಡಿಗ್ರಿ ಅಷ್ಟೇ. ನಮ್ಮ ಮಲ್ಪೆಯ ನೀರು 28 ಡಿಗ್ರಿ ಆಸುಪಾಸಿನಲ್ಲಿರುತ್ತದೆ. ಬೇಸಿಗೆ ಬಂದರೆ ಇಲ್ಲಿನ ನೀರು ಬಿಸಿಯಾಗುತ್ತದೆ ಅಂದುಕೊಳ್ಳಬೇಡಿ. ವಸಂತದಿಂದ ಬೇಸಿಗೆವರೆಗೆ ವಾಯವ್ಯದಿಂದ ಜೋರು ಗಾಳಿ ಬೀಸುತ್ತದೆ. ಆ ಗಾಳಿ ಮತ್ತು ಭೂಮಿಯ ತಿರುಗುವಿಕೆ ಸೇರಿ ಮೇಲಿನ ನೀರನ್ನು ದಡದಿಂದ ಆಚೆಗೆ ತಳ್ಳುತ್ತವೆ. ಖಾಲಿಯಾದ ಜಾಗಕ್ಕೆ ಆಳದ ತಣ್ಣೀರು ಮೇಲೆ ಬರುತ್ತದೆ. ನಮ್ಮ ಕರಾವಳಿಯಲ್ಲೂ ಮಳೆಗಾಲದಲ್ಲಿ ಇದೇ ರೀತಿ ಕೆಳಗಿನ ನೀರು ಮೇಲೆ ಬರುತ್ತದೆ. ಆ ನೀರಿನ ಸಾರವನ್ನು ನಂಬಿಯೇ ನಮ್ಮ ಬೂತಾಯಿ, ಬಂಗುಡೆ ಬೆಳೆಯುವುದು. ಇಲ್ಲೂ ಹಾಗೆಯೇ. ಈ ತಣ್ಣೀರು ಇರುವುದರಿಂದಲೇ ಈ ಕಡಲಿನಲ್ಲಿ ಮೀನಿನ ಹಿಂಡು, ಅದರ ಹಿಂದೆ ತಿಮಿಂಗಿಲ, ಎಲ್ಲ ಇವೆ.

ಮಂಜಿಗೂ ಇದೇ ತಣ್ಣೀರು ಕಾರಣ. ಒಳನಾಡಿನ ಸೆಂಟ್ರಲ್ ವ್ಯಾಲಿ ಬೇಸಿಗೆಯಲ್ಲಿ ಕಾದ ಹೆಂಚಿನಂತೆ ಆಗುತ್ತದೆ. ಅಲ್ಲಿನ ಬಿಸಿ ಗಾಳಿ ಮೇಲೆ ಹೋದಂತೆ ಕಡಲಿನ ಗಾಳಿ ಒಳಗೆ ನುಗ್ಗುತ್ತದೆ. ನೆಲ ಕಾದು ಕಡಲ ಗಾಳಿಯನ್ನು ಎಳೆದುಕೊಳ್ಳುವುದು ನಮ್ಮ ಮುಂಗಾರಿನ ಕಥೆಯೂ ಹೌದು ಅಲ್ವಾ? ಆದರೆ ಇಲ್ಲಿ ಆ ಗಾಳಿ ತಣ್ಣೀರಿನ ಮೇಲೆ ಹಾದು ಬರುವುದರಿಂದ ಮಳೆ ಸುರಿಸುವುದಿಲ್ಲ, ಮಂಜಾಗಿ ತೆವಳಿಕೊಂಡು ಬರುತ್ತದೆ. ಹಾಗಾಗಿ ನಿಮ್ಮ ಮನೆ ಹತ್ತಿರ ಸೆಕೆ ಜಾಸ್ತಿ ಇದ್ದಷ್ಟೂ ಬೀಚ್‌ನಲ್ಲಿ ಮಂಜು ಇರುವ ಸಾಧ್ಯತೆ ಜಾಸ್ತಿ. ಜುಲೈ, ಆಗಸ್ಟ್‌ನಲ್ಲಿ ಬಹಳ ಸಂಜೆ ಸೂರ್ಯ ಕಾಣಿಸುವುದೇ ಇಲ್ಲ.

ಸೆಪ್ಟೆಂಬರ್, ಅಕ್ಟೋಬರ್ ಬಂತೆಂದರೆ ಒಳನಾಡು ತಣಿಯುತ್ತದೆ, ಗಾಳಿ ಇಳಿಯುತ್ತದೆ, ಮಂಜು ಹಿಂದೆ ಸರಿಯುತ್ತದೆ. ಈ ಊರಿಗೆ ನಿಜವಾದ ಬೇಸಿಗೆ ಆಗಲೇ. ನಿಮ್ಮವರು ಅಕ್ಟೋಬರ್‌ವರೆಗೂ ಇರುವುದು ಅದೃಷ್ಟ. ಅಕ್ಟೋಬರ್ ಮೊದಲ ವಾರದಲ್ಲಿ ಸೂರ್ಯ ಮುಳುಗುವುದು 6.45ರ ಸುಮಾರಿಗೆ. ಒಂದು ಗಂಟೆ ಮುಂಚೆ ಹೋಗಿ. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ, ಸುಮಾರು 30 ಮೈಲಿ ಆಚೆ, ಫ್ಯಾರಲಾನ್ ದ್ವೀಪಗಳು ಹಲ್ಲಿನ ಸಾಲಿನಂತೆ ಕಾಣುತ್ತವೆ.

ಈಗ ಸೆಳೆತದ ವಿಷಯ. ಗೋಲ್ಡನ್ ಗೇಟ್ ಅನ್ನುವ ಜಲಸಂಧಿಯ ಮೂಲಕ ಕೊಲ್ಲಿಯ ನೀರು ದಿನಕ್ಕೆರಡು ಸಲ ಒಳಗೆ ಹೋಗಿ ಹೊರಗೆ ಬರುತ್ತದೆ. ಅದು ಹೊರಗೆ ತಂದು ಹಾಕುವ ಮರಳಿನಿಂದ ದಿಬ್ಬಗಳಾಗುತ್ತವೆ, ಆ ದಿಬ್ಬಗಳು ಜಾಗ ಬದಲಿಸುತ್ತಲೇ ಇರುತ್ತವೆ. ಅಲೆ ತಂದ ನೀರು ದಿಬ್ಬಗಳ ನಡುವಿನ ಸಂದಿಯಲ್ಲಿ ಜೋರಾಗಿ ಹಿಂದಕ್ಕೆ ಹರಿಯುತ್ತದೆ. ಸುತ್ತ ಎಲ್ಲ ಕಡೆ ಬಿಳಿ ನೊರೆ ಇದ್ದು ಒಂದು ಪಟ್ಟಿಯಲ್ಲಿ ಮಾತ್ರ ಅಲೆ ಒಡೆಯದೆ ನೀರು ಮಣ್ಣಿನ ಬಣ್ಣಕ್ಕೆ ಕಂಡರೆ, ಅದೇ ಸೆಳೆತ. ನೋಡುವವರಿಗೆ ಅದೇ ಶಾಂತವಾದ ಜಾಗದಂತೆ ಕಾಣುವುದು ದೊಡ್ಡ ಅಪಾಯ. ನಮ್ಮ ಬೀಚ್‌ಗಳಲ್ಲಿ ಪ್ರವಾಸಿಗಳು ಸಿಕ್ಕಿಹಾಕಿಕೊಳ್ಳುವುದೂ ಇಂಥ ಕಡೆಯೇ. ಎಚ್ಚರಿಕೆಯ ಫಲಕಗಳು ಮೆಟ್ಟಿಲ ಹತ್ತಿರವೇ ಇವೆ, ದಯವಿಟ್ಟು ನಿಂತು ಓದಿ.

"ಹಾಗಾದರೆ ಅಷ್ಟು ಜನ ನೀರಿನಲ್ಲಿ ಇದ್ದಾರಲ್ಲ" ಅಂತ ನಿಮ್ಮ ಅಪ್ಪ ಕೇಳಿಯೇ ಕೇಳುತ್ತಾರೆ. ಅವರು ಸರ್ಫ್ ಮಾಡುವವರು, ಅಂದರೆ ಹಲಗೆಯ ಮೇಲೆ ನಿಂತು ಅಲೆ ಸವಾರಿ ಮಾಡುವವರು. ತಲೆಯಿಂದ ಕಾಲಿನವರೆಗೆ ವೆಟ್‌ಸೂಟ್ ಅನ್ನುವ, ನೀರಿನ ಚಳಿ ತಡೆಯುವ ದಪ್ಪ ಉಡುಪು ಹಾಕಿರುತ್ತಾರೆ. ಆ ವೆಟ್‌ಸೂಟ್ ಜನಪ್ರಿಯವಾದದ್ದಕ್ಕೂ ಈ ದಡಕ್ಕೂ ಸಂಬಂಧ ಇದೆ. ಜ್ಯಾಕ್ ಓನೀಲ್ ಎಂಬಾತ 1952ರಲ್ಲಿ ಇದೇ ಬೀಚ್ ಎದುರಿನ ಒಂದು ಗ್ಯಾರೇಜಿನಲ್ಲಿ ಸರ್ಫ್ ಅಂಗಡಿ ತೆರೆದರು. ಚಳಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ನೀರಿನಲ್ಲಿರಬೇಕು ಅನ್ನುವ ಆಸೆಯೇ ಅವರನ್ನು ವೆಟ್‌ಸೂಟ್ ಕಡೆಗೆ ಎಳೆದದ್ದು. ನಮ್ಮ ಮೂಲ್ಕಿ, ಸಸಿಹಿತ್ಲು ಕಡೆ ಹುಡುಗರು ಬರೀ ಚಡ್ಡಿಯಲ್ಲಿ ಸರ್ಫ್ ಮಾಡುವುದನ್ನು ನೋಡಿದ ನನಗೆ ಇವರ ತಯಾರಿ ನೋಡಿ ಮೊದಲು ಆಶ್ಚರ್ಯವಾಗಿತ್ತು. ಅಕ್ಟೋಬರ್ ನಂತರ ಅಲಾಸ್ಕಾ ಕಡೆಯ ಬಿರುಗಾಳಿಗಳು ಎಬ್ಬಿಸಿದ ಅಲೆಗಳು ಇಲ್ಲಿವರೆಗೂ ಬರುತ್ತವೆ. ಎರಡಾಳು ಎತ್ತರಕ್ಕೆ ಏಳುತ್ತವೆ. ಅವುಗಳನ್ನು ದಾಟಿ ಒಳಗೆ ಹೋಗಲು ನುರಿತವರಿಗೇ ಅರ್ಧ ಗಂಟೆ ಹಿಡಿಯುವುದನ್ನು ನಾನು ಕೂತು ನೋಡಿದ್ದೇನೆ. ನಿಮ್ಮ ಅಪ್ಪ ಅಮ್ಮನಿಗೂ ಇದನ್ನು ನೋಡುವುದು ಖಂಡಿತ ಇಷ್ಟವಾಗುತ್ತದೆ.

ವಯಸ್ಸಾದವರಿಗೆ ಒಂದು ಒಳ್ಳೆಯ ಸುದ್ದಿಯೂ ಇದೆ. ಮರಳಿನಲ್ಲಿ ನಡೆದರೆ ಮಂಡಿ ನೋಯುತ್ತದೆ. ಬೀಚ್ ಪಕ್ಕದ ಗ್ರೇಟ್ ಹೈವೇಯಲ್ಲಿ ಲಿಂಕನ್ ವೇಯಿಂದ ಸ್ಲೋಟ್ ರಸ್ತೆವರೆಗಿನ ಸುಮಾರು 2 ಮೈಲಿ ಭಾಗವನ್ನು 2025ರಲ್ಲಿ ಕಾರುಗಳಿಗೆ ಮುಚ್ಚಿ, ಸನ್‌ಸೆಟ್ ಡ್ಯೂನ್ಸ್ ಅನ್ನುವ ಪಾರ್ಕ್ ಮಾಡಿದ್ದಾರೆ. ಊರಿನವರು ವೋಟು ಹಾಕಿ ತೀರ್ಮಾನಿಸಿದ್ದು. ಸಮತಟ್ಟಾದ ಡಾಂಬರು ರಸ್ತೆ. ಸುಮ್ನೆ ನಿಧಾನವಾಗಿ ನಡೆಯುತ್ತಾ ಕಡಲು ನೋಡಬಹುದು, ವೀಲ್‌ಚೇರ್ ಕೂಡ ಹೋಗುತ್ತದೆ. ಕಾರು ಬೇಡ ಅಂದರೆ ಬಾರ್ಟ್ ರೈಲಿನಲ್ಲಿ ಎಂಬಾರ್ಕಡೆರೊ ನಿಲ್ದಾಣದವರೆಗೆ ಬಂದು, ಅಲ್ಲಿಂದ ಎನ್ ಜುಡಾ ಟ್ರೇನ್ ಹಿಡಿಯಿರಿ. ಅದರ ಕೊನೆಯ ಸ್ಟಾಪ್ ಇಳಿದರೆ ಎದುರಿಗೇ ಕಡಲು. ಕಾರಿನಲ್ಲಿ ಹೋದರೆ ಬ್ಯಾಗು, ಫೋನು ಯಾವುದನ್ನೂ ಸೀಟಿನ ಮೇಲೆ ಬಿಡಬೇಡಿ.

ಬಡಗಣ ತುದಿಯಲ್ಲಿ, ಕ್ಲಿಫ್ ಹೌಸ್ ಪಕ್ಕ, ಸುಟ್ರೋ ಬಾತ್ಸ್‌ನ ಪಾಳು ಗೋಡೆಗಳಿವೆ. ಅದನ್ನು ಮೇಲಿನಿಂದಲೇ ತೋರಿಸಿ, ಕೆಳಗೆ ಇಳಿಯುವ ದಾರಿ ಕಡಿದಾಗಿದೆ. 1896ರಲ್ಲಿ ತೆರೆದ ದೊಡ್ಡ ಈಜುಕೊಳಗಳ ಕಟ್ಟಡ ಅದು, 1966ರಲ್ಲಿ ಬೆಂಕಿ ಬಿದ್ದು ಹೋಯಿತು. ಆ ಕಾಲದಲ್ಲೂ ಇಲ್ಲಿಯ ಜನ ಈಜಬೇಕೆಂದಾಗ ಕಡಲ ನೀರನ್ನು ಒಳಗೆ ತಂದು, ಗಾಜಿನ ಸೂರಿನ ಕೆಳಗೆ ಕಾಯಿಸಿಕೊಂಡು ಈಜಿದರು.

ಅಮ್ಮನವರಿಗೆ ಒಣ ಮರಳಿನಲ್ಲಿ ನೋಡಲು ಎರಡು ವಿಷಯ ಇವೆ. ಒಂದು, ಸ್ಯಾಂಡ್ ಡಾಲರ್. ದುಂಡಗಿನ ಚಪ್ಪಟೆ ಚಿಪ್ಪು, ಮೇಲೆ ಐದು ಎಸಳಿನ ಹೂವಿನ ಗುರುತು. ನಮ್ಮಮ್ಮ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು "ಯಾರೋ ರಂಗೋಲಿ ಹಾಕಿದ ಹಾಗಿದೆ" ಅಂದರು. ಇನ್ನೊಂದು, ಸ್ನೋಯಿ ಪ್ಲವರ್ ಅನ್ನುವ ಗುಬ್ಬಚ್ಚಿಯಷ್ಟು ಚಿಕ್ಕ ಹಕ್ಕಿ. ಮರಳಿನ ಬಣ್ಣವೇ ಅದಕ್ಕೂ. ಗಾಳಿಯಿಂದ ತಪ್ಪಿಸಿಕೊಳ್ಳಲು ನಮ್ಮ ಹೆಜ್ಜೆ ಗುರುತಿನ ಗುಳಿಯಲ್ಲೇ ಕೂರುತ್ತದೆ. ಅಳಿಯುವ ಭಯದಲ್ಲಿರುವ ಹಕ್ಕಿ ಅದು, 1993ರಿಂದ ಕಾನೂನಿನ ರಕ್ಷಣೆ ಇದೆ. ಹತ್ತಿರ ಹೋಗಿ ಎಬ್ಬಿಸಬೇಡಿ, ದೂರದಿಂದ ನೋಡಿದರೆ ಸಾಕು.

ಉಳಿದಂತೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ, ಕಾಲುಚೀಲ, ಶೂ. ಸೀರೆಗಿಂತ ಚೂಡಿದಾರ್ ಒಳ್ಳೆಯದು. ಫ್ಲಾಸ್ಕ್‌ನಲ್ಲಿ ಬಿಸಿ ಕಾಫಿ ಬೇಕೇ ಬೇಕು. ಮಡಚುವ ಕುರ್ಚಿಗಳನ್ನು ಒದ್ದೆ ಮರಳಿನಿಂದ ತುಂಬಾ ಮೇಲೆ, ದಿಬ್ಬದ ಹತ್ತಿರ ಹಾಕಿ.

ನಮ್ಮ ಅಪ್ಪ ಅಮ್ಮನನ್ನು ಆ ವರ್ಷ ಅಕ್ಟೋಬರ್‌ನಲ್ಲಿ ಮತ್ತೆ ಕರೆದುಕೊಂಡು ಹೋದೆ. ಅಪ್ಪ ಮೊದಲು ಬೇಡ ಅಂದರು, ಆಮೇಲೆ ಬಂದರು. ಒಂದು ಚೂರು ಮೋಡವಿರಲಿಲ್ಲ. ಸೂರ್ಯ ನೀರಿಗೆ ತಾಗುವ ಹೊತ್ತಿಗೆ ಅಪ್ಪ ಫೋನ್ ತೆಗೆದು ಊರಿಗೆ, ದೊಡ್ಡಪ್ಪನಿಗೆ, ಕರೆ ಮಾಡಿದರು. "ಅಣ್ಣಾ, ಇಲ್ಲಿ ಈಗ ಮುಳುಗ್ತಾ ಉಂಟು. ಅಲ್ಲಿ ಬಂತಾ?" ಸ್ಪೀಕರ್‌ನಲ್ಲಿ ದೊಡ್ಡಪ್ಪನ ದನಿ: "ಅಂಗಳಕ್ಕೆ ಬಂದಾಯ್ತು ಮಾರಾಯ." ಊರಲ್ಲಿ ಆಗ ಬೆಳಗ್ಗೆ ಏಳು ದಾಟಿತ್ತು. ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ, ಫೋನ್ ಇಡಲೂ ಇಲ್ಲ. ದೊಡ್ಡಪ್ಪ ಈಗ ಇಲ್ಲ. ಆ ಸಂಜೆಗೆ ಅಪ್ಪನನ್ನು ಒತ್ತಾಯ ಮಾಡಿ ಕರೆದುಕೊಂಡು ಹೋದದ್ದು ಒಳ್ಳೆಯದಾಯಿತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಸೂರ್ಯ ಮುಳುಗಿದ ತಕ್ಷಣ ಜನ ಎದ್ದು ಹೊರಡುತ್ತಾರೆ. ನೀವು ಇನ್ನೊಂದು ಹದಿನೈದು ನಿಮಿಷ ಕೂರಿ. ಆಕಾಶ ಕೆಂಪಾಗುವುದು ಆಮೇಲೆಯೇ. ಅಮ್ಮನವರಿಗೆ ಚಳಿ ಆಗುತ್ತದೆ, ಕಾರಿನಲ್ಲಿ ಒಂದು ದಪ್ಪ ಶಾಲು ಇಟ್ಟಿರಿ.