ಮೇಲಿನ ರೆಕ್ಕೆ ಕೂರಿಸುವ ಮೊದಲು: ಮಾದರಿ ವಿಮಾನ, ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಮಾನವನ್ನು ಕುರಿತವು: ಮೊದಲ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಎಸ್‌ಇ5ಎ. ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಫ್ಯಾಕ್ಟರಿಯಲ್ಲಿ ರೂಪುಗೊಂಡ ಈ ಜೋಡಿ ರೆಕ್ಕೆಯ ವಿಮಾನದ ಮೂಲರೂಪ 1916ರ ನವೆಂಬರ್‌ನಲ್ಲಿ ಮೊದಲ ಬಾರಿ ಹಾರಿತು. ಒಟ್ಟು ಐದು ಸಾವಿರಕ್ಕೂ ಹೆಚ್ಚು ತಯಾರಾದವು. ಆದ್ದರಿಂದ ಈ ಸಂಚಿಕೆಯ ಜಾಗವನ್ನೆಲ್ಲ ಅದಕ್ಕೇ ಕೊಟ್ಟಿದ್ದೇವೆ.

ಪ್ರಶ್ನೆ: ಮೂರ್ನಾಲ್ಕು ಜೆಟ್ ವಿಮಾನಗಳ ಕಿಟ್ ಕಟ್ಟಿದ್ದೇನೆ. ಮೊದಲ ಬೈಪ್ಲೇನ್ ಆಗಿ ಎಸ್‌ಇ5ಎ ಆರಿಸಬಹುದೇ? ಯಾವ ಅಳತೆ ಒಳ್ಳೆಯದು? (ದಾವಣಗೆರೆಯ ಓದುಗರು)

ಧಾರಾಳವಾಗಿ ಆರಿಸಿ. ಇದರಲ್ಲಿ ಎರಡು ರೆಕ್ಕೆಗಳ ನಡುವೆ ಪ್ರತಿ ಬದಿಗೆ ಒಂದೇ ಜೊತೆ ಸ್ಟ್ರಟ್, ಅಂದರೆ ಮೇಲಿನ ರೆಕ್ಕೆಯನ್ನು ಹೊರುವ ಕಂಬ. ಮೂತಿ ಚೌಕ, ಎಂಜಿನ್ ಮುಚ್ಚಿರುತ್ತದೆ. ಅಳತೆ 1:48 ಇರಲಿ. ನಿಜವಾದ ವಿಮಾನದ ರೆಕ್ಕೆಯ ಹರವು 8.11 ಮೀಟರ್; 1:48ರಲ್ಲಿ ಅದು 169 ಮಿ.ಮೀ. ಆಗುತ್ತದೆ, ಅಂಗೈ ಮೇಲೆ ನಿಲ್ಲುತ್ತದೆ. 1:72ರಲ್ಲಿ 113 ಮಿ.ಮೀ. ಅಷ್ಟೇ; ಸ್ಟ್ರಟ್‌ಗಳು ಬೆಂಕಿಕಡ್ಡಿಗಿಂತಲೂ ತೆಳ್ಳಗಾಗಿ, ಕಟ್ಟುವಾಗಲೇ ಮುರಿಯುತ್ತವೆ. 1:48ರಲ್ಲಿ ಎಡುವಾರ್ಡ್ ಕಂಪನಿಯ ಕಿಟ್ ನಮ್ಮ ಮೊದಲ ಆಯ್ಕೆ.

ರೆಕ್ಕೆಗಳ ನಡುವಿನ ಬಿಗಿತದ ತಂತಿ ಕಟ್ಟುವುದಕ್ಕೇ ಅಳುಕಿದ್ದರೆ ಮೊದಲು ಜರ್ಮನಿಯ ಫಾಕರ್ ಡಿ7 ಕಟ್ಟಿ. ಅದರ ದಪ್ಪ ರೆಕ್ಕೆಗಳ ನಡುವೆ ಬಿಗಿತದ ತಂತಿಯೇ ಇಲ್ಲ. ಆದರೆ ಅದರ ಬಟ್ಟೆಯ ಮೇಲಿನ ಬಣ್ಣಬಣ್ಣದ ಬಹುಭುಜಾಕೃತಿಗಳನ್ನು ಡಿಕಾಲ್‌ನಲ್ಲಿ (ನೀರಿನಲ್ಲಿ ನೆನೆಸಿ ಅಂಟಿಸುವ ಅಚ್ಚಿನ ಚಿತ್ರ) ಪಟ್ಟಿ ಪಟ್ಟಿಯಾಗಿ ಅಂಟಿಸಬೇಕು. ತಂತಿಯಲ್ಲಿ ಉಳಿದ ಸಮಯ ಅಲ್ಲಿ ಖರ್ಚಾಗುತ್ತದೆ.

ಪ್ರಶ್ನೆ: ಮೇಲಿನ ರೆಕ್ಕೆ ಪ್ರತಿ ಸಲವೂ ಒಂದು ಕಡೆಗೆ ವಾಲುತ್ತದೆ. ಒಂದು ಸ್ಟ್ರಟ್ ಕೂರಿಸಿದರೆ ಇನ್ನೊಂದು ಜಾರುತ್ತದೆ. ಏನು ತಪ್ಪು? (ಮೈಸೂರಿನ ಓದುಗರು)

ನಿಮ್ಮ ಕೈಯದಲ್ಲ, ಕ್ರಮದ ತಪ್ಪು. ನಾಲ್ಕು ಸ್ಟ್ರಟ್ ಅಂಟಿಸಿ, ಒಣಗಿಸಿ, ಆಮೇಲೆ ರೆಕ್ಕೆ ಇಡಲು ಹೋದರೆ ಅದು ಎಂದೂ ಸರಿಯಾಗಿ ಕೂರದು. ಒಂದೊಂದು ಸ್ಟ್ರಟ್ ಚೂರು ಆಚೀಚೆ ಒಣಗಿದರೂ ಸಾಕು, ರೆಕ್ಕೆಯ ತುದಿಯಲ್ಲಿ ಅದೇ ಎದ್ದು ಕಾಣುತ್ತದೆ.

ಕೆಳಗಿನ ರೆಕ್ಕೆಯಿಂದ ಶುರುಮಾಡಿ. ಎಸ್‌ಇ5ಎಯ ಎರಡೂ ರೆಕ್ಕೆಗಳು ತುದಿಯ ಕಡೆಗೆ 5 ಡಿಗ್ರಿ ಮೇಲೇಳುತ್ತವೆ. 1:48ರಲ್ಲಿ ಕೆಳರೆಕ್ಕೆಯ ಬುಡದಿಂದ ತುದಿಗೆ ಸುಮಾರು 77 ಮಿ.ಮೀ. ಇರುವುದರಿಂದ ತುದಿ ಬುಡಕ್ಕಿಂತ ಆರೂಮುಕ್ಕಾಲು ಮಿ.ಮೀ. ಎತ್ತರದಲ್ಲಿರಬೇಕು. ಈ ಕೋನಕ್ಕೆ ರಟ್ಟು ಕತ್ತರಿಸಿ ಎರಡೂ ಬದಿಗೆ ಆಸರೆ ಕೊಟ್ಟು ರಾತ್ರಿಯಿಡೀ ಬಿಡಿ. ಇಲ್ಲಿ ತಪ್ಪಿದರೆ ಮೇಲೆ ಸರಿಪಡಿಸಲಾಗದು.

ಈಗ ಮೈಗೂ ಮೇಲಿನ ರೆಕ್ಕೆಗೂ ನಡುವೆ ಬರುವ ನಾಲ್ಕು ಗಿಡ್ಡ ಸ್ಟ್ರಟ್‌ಗಳು. ಗುಳಿಗಳೊಳಗೆ ಬಣ್ಣ ಇದ್ದರೆ ಬ್ಲೇಡಿನ ತುದಿಯಿಂದ ಕೆರೆದು ತೆಗೆಯಿರಿ. ಪ್ಲಾಸ್ಟಿಕ್ ಸಿಮೆಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ನಡುವೆ ಬಣ್ಣ ಇದ್ದರೆ ಬೆಸೆಯುವುದು ಬಣ್ಣವನ್ನು ಮಾತ್ರ, ಒಂದು ವಾರದಲ್ಲಿ ಕಳಚಿಕೊಳ್ಳುತ್ತದೆ. ಬಣ್ಣ ಹೊಡೆಯುವ ಮೊದಲೇ ಗುಳಿಗಳಿಗೆ ಹಲ್ಲುಕಡ್ಡಿ ಸಿಕ್ಕಿಸಿದ್ದರೆ ಈ ಕೆರೆಯುವ ಕೆಲಸವೇ ಇರದು. ಸ್ಟ್ರಟ್‌ಗಳನ್ನು ಮೈಗೆ ಅಂಟಿಸಿ. ಅಂಟು ಇನ್ನೂ ಮೆತ್ತಗಿರುವಾಗಲೇ ಮೇಲಿನ ರೆಕ್ಕೆಯನ್ನು ಅಂಟಿಲ್ಲದೆ ಅವುಗಳ ಮೇಲಿಡಿ, ಹೊರಗಿನ ಸ್ಟ್ರಟ್‌ಗಳನ್ನೂ ಅಂಟಿಲ್ಲದೆ ಸಿಕ್ಕಿಸಿ, ಮಾಸ್ಕಿಂಗ್ ಟೇಪಿನಿಂದ ಹಿಡಿಸಿ. ಈ ವಿಮಾನದಲ್ಲಿ ಮೇಲಿನ ರೆಕ್ಕೆ ಕೆಳಗಿನದಕ್ಕಿಂತ ಮುಂದೆ ಚಾಚಿರುತ್ತದೆ. ಪಕ್ಕದಿಂದ ನೋಡಿ ಅದನ್ನು ನಕ್ಷೆಗೆ ಹೋಲಿಸಿ. ನೇರ ಎದುರಿನಿಂದ ಒಂದು ಕಣ್ಣು ಮುಚ್ಚಿ ನೋಡಿದರೆ ಮೇಲಿನ ರೆಕ್ಕೆಯ ಎರಡೂ ತುದಿಗಳು ಬಾಲದ ಅಡ್ಡರೆಕ್ಕೆಯಿಂದ ಒಂದೇ ಎತ್ತರದಲ್ಲಿ ಕಾಣಬೇಕು. ಹಾಗೆಯೇ ಒಂದು ರಾತ್ರಿ ಬಿಡಿ. ಬೆಳಿಗ್ಗೆ ರೆಕ್ಕೆ ಎತ್ತಿದರೆ ಸ್ಟ್ರಟ್‌ಗಳು ತಮ್ಮ ವಾಲಿಕೆಯನ್ನು ತಾವೇ ಹಿಡಿದು ನಿಂತಿರುತ್ತವೆ.

ಕೊನೆಯ ಅಂಟಿಗೆ ಫೆವಿಕ್ವಿಕ್ ಬೇಡ. ಅದು ಹತ್ತು ಸೆಕೆಂಡಿನಲ್ಲಿ ಹಿಡಿದುಬಿಡುತ್ತದೆ, ಸರಿಪಡಿಸಲು ಅವಕಾಶವೇ ಕೊಡದು. ಅದರ ಆವಿ ಗಾಳಿತಡೆಯ ಗಾಜಿನ ಮೇಲೆ ಬಿಳಿ ಪೊರೆಯನ್ನೂ ಕಟ್ಟುತ್ತದೆ. ನಿಧಾನವಾಗಿ ಗಟ್ಟಿಯಾಗುವ ಅರಾಲ್ಡೈಟ್ ಬಳಸಿ. ಅದರ ಎರಡೂ ಟ್ಯೂಬಿನ ಅಂಟನ್ನು ಸಮ ಬೆರೆಸಿ ಗುಂಡುಸೂಜಿಯ ತುದಿಯಷ್ಟು ಮಾತ್ರ ಪ್ರತಿ ಗುಳಿಗೆ ಹಾಕಿದರೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಅಲುಗಿಸಿ ನೋಡಬಹುದು. ಮುಂದಿನ ಸ್ಟ್ರಟ್, ಹಿಂದಿನ ಸ್ಟ್ರಟ್ ನೋಡಲು ಒಂದೇ ತರ ಇದ್ದರೂ ಒಂದಲ್ಲ. ಚೌಕಟ್ಟಿನಿಂದ ಕತ್ತರಿಸಿದ ತಕ್ಷಣ ಟೇಪಿನ ಚೂರಿಗೆ ಸಂಖ್ಯೆ ಬರೆದು ಅಂಟಿಸಿಡಿ.

ಪ್ರಶ್ನೆ: ಈ ವಿಮಾನದ ಬಣ್ಣವನ್ನು ಒಬ್ಬರು ಹಸಿರು ಅನ್ನುತ್ತಾರೆ, ಇನ್ನೊಬ್ಬರು ಕಂದು. ಯಾವುದು ಸರಿ? ಮಳೆಗಾಲದಲ್ಲಿ ವಾರ್ನಿಷ್ ಹೊಡೆದರೆ ಬೆಳ್ಳಗಾಗುತ್ತದೆ, ಪರಿಹಾರವೇನು? (ಉಡುಪಿಯ ಓದುಗರು)

ಎರಡೂ ಸರಿ. ಪಿಸಿ10 ಎಂಬ ಈ ಬಣ್ಣದಲ್ಲಿ ಇದ್ದದ್ದು ಹಳದಿ ಕಾವಿ ಮಣ್ಣಿನಂಥ ಕಬ್ಬಿಣದ ಆಕ್ಸೈಡ್ ಮತ್ತು ಸ್ವಲ್ಪ ದೀಪದ ಮಸಿ. ಹಳದಿಗೆ ಕಪ್ಪು ಬೆರೆತರೆ ಕಣ್ಣಿಗೆ ಹಸಿರು ಛಾಯೆ ಕಾಣುತ್ತದೆ. ಅದರ ಮೇಲೆ ವಾರ್ನಿಷ್ ಬಿದ್ದು, ಬಿಸಿಲು ತಾಗಿದರೆ ಕಂದಿಗೆ ತಿರುಗುತ್ತದೆ. ಇದನ್ನು ಬಳಿದದ್ದು ಮರೆಮಾಚಲು ಮಾತ್ರವಲ್ಲ, ಲಿನನ್ ಬಟ್ಟೆಯನ್ನು ಬಿಸಿಲಿನಿಂದ ಕಾಪಾಡಲು ಕೂಡ. ಬಿಸಿಲು ಬೀಳದ ಕೆಳಮೈಗೆ ಬಣ್ಣವೇ ಇಲ್ಲ. ಪಾರದರ್ಶಕ ಡೋಪ್ (ಬಟ್ಟೆಯನ್ನು ಬಿಗಿಗೊಳಿಸುವ ದ್ರವ) ಬಳಿದ ಬಟ್ಟೆ ಕೆನೆಬಣ್ಣದಲ್ಲಿ ಉಳಿಯುತ್ತಿತ್ತು.

ನಮ್ಮ ಮಿಶ್ರಣ ಹೀಗೆ: ತಮಿಯಾ ಕಂಪನಿಯ ಎಕ್ಸ್‌ಎಫ್-62 ಆಲಿವ್ ಡ್ರ್ಯಾಬ್ 6 ಹನಿ, ಎಕ್ಸ್‌ಎಫ್-64 ಕೆಂಗಂದು 2 ಹನಿ. ಮೂತಿಯ ಲೋಹದ ಹಲಗೆಗಳಿಗೆ ಕೆಂಗಂದು ಇನ್ನೊಂದು ಹನಿ ಇರಲಿ. ಬಟ್ಟೆಗೂ ಲೋಹಕ್ಕೂ ಸಣ್ಣ ಭೇದ ಕಾಣಬೇಕು. ಕೆಳಮೈಗೆ ಬಿಳಿ ಎಕ್ಸ್‌ಎಫ್-2 ಮೂರು ಪಾಲು, ಎಕ್ಸ್‌ಎಫ್-57 ಬಫ್ ಒಂದು ಪಾಲು. ಒಂದು ಪಾಲು ಬಣ್ಣಕ್ಕೆ ಒಂದೂವರೆ ಪಾಲು ತಿನ್ನರ್ ಸೇರಿಸಿ, ಏರ್‌ಬ್ರಷ್ಷಿನ 0.3 ಮಿ.ಮೀ. ನಾಜಲ್‌ನಲ್ಲಿ 15 ಪಿಎಸ್‌ಐ ಒತ್ತಡದಲ್ಲಿ ಹೊಡೆಯಿರಿ. ಮೊದಲು ಕೆನೆಬಣ್ಣ, ಟೇಪು ಕಟ್ಟಿ ಆಮೇಲೆ ಪಿಸಿ10. ಕೆನೆಬಣ್ಣದ ಮಿಶ್ರಣ ಚೂರು ಸೀಸೆಯಲ್ಲಿ ಎತ್ತಿಡಿ; ಯಾಕೆಂದು ತಂತಿಯ ಉತ್ತರದಲ್ಲಿ ಗೊತ್ತಾಗುತ್ತದೆ. ರೆಕ್ಕೆಯ ಪಕ್ಕೆಲುಬುಗಳು ಎದ್ದು ಕಂಡರೆ ಬಣ್ಣಕ್ಕೆ ಮೊದಲೇ 1000 ನಂಬರಿನ ಸ್ಯಾಂಡ್‌ಪೇಪರನ್ನು ನೀರಿನಲ್ಲಿ ನೆನೆಸಿ ನಾಲ್ಕೈದು ಸಲ ಆಡಿಸಿ. ಬಿಗಿದ ಬಟ್ಟೆ ಹಸಿದ ದನದ ಪಕ್ಕೆಯಂತೆ ಕಾಣುವುದಿಲ್ಲ.

ಬೆಳ್ಳಗಾಗುವುದು ತೇವದಿಂದ. ತಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರು ವಾರ್ನಿಷ್‌ನೊಳಗೆ ಸಿಕ್ಕಿಕೊಳ್ಳುತ್ತದೆ. ಗಾಳಿಯ ತೇವ ಶೇ. 70 ದಾಟಿದ ದಿನ ಲ್ಯಾಕರ್ ವಾರ್ನಿಷ್ ಮುಟ್ಟಬೇಡಿ. ಕರಾವಳಿಯ ಜುಲೈನಲ್ಲಿ ಅಂಥ ದಿನಗಳೇ ಎಲ್ಲ, ಹಾಗಾಗಿ ಎಸಿ ಹಾಕಿದ ಕೋಣೆಯಲ್ಲಿ ಒಂದು ಗಂಟೆ ಮಾದರಿಯನ್ನಿಟ್ಟು ಅಲ್ಲೇ ತೆಳುವಾಗಿ ಹೊಡೆಯಿರಿ. ಆರುವುದನ್ನು ತಡಮಾಡುವ ರಿಟಾರ್ಡರ್ ಬೆರೆತ ತಿನ್ನರ್ ಬಳಸಿ. ಆಗಲೇ ಬೆಳ್ಳಗಾಗಿದ್ದರೆ ಅದೇ ತಿನ್ನರನ್ನು ಒಣ ದಿನದಲ್ಲಿ ಮಂಜಿನಂತೆ ಒಮ್ಮೆ ಹಾಯಿಸಿದರೆ ಬಹುಮಟ್ಟಿಗೆ ತಿಳಿಯಾಗುತ್ತದೆ.

ಪ್ರಶ್ನೆ: ಹೊಲಿಗೆ ದಾರದಿಂದ ತಂತಿ ಕಟ್ಟಿದೆ. ಹಗ್ಗದಂತೆ ಕಾಣುತ್ತಿದೆ, ನಾಲ್ಕು ದಿನಕ್ಕೆ ಸಡಿಲವೂ ಆಯಿತು. (ಬೆಳಗಾವಿಯ ಓದುಗರು)

ಹತ್ತಿಯ ದಾರಕ್ಕೆ ಜುಂಗು ಇರುತ್ತದೆ, ತೇವ ಹೆಚ್ಚು ಕಡಿಮೆ ಆದಂತೆ ಉದ್ದವೂ ಬದಲಾಗುತ್ತದೆ. ದಪ್ಪದ ಲೆಕ್ಕ ಹಾಕಿ: 6 ಮಿ.ಮೀ. ಅಗಲದ ನಿಜವಾದ ತಂತಿ 1:48ರಲ್ಲಿ 0.125 ಮಿ.ಮೀ. ಮಾತ್ರ. 0.10 ಮಿ.ಮೀ.ನ ನೈಲಾನ್ ಎಳೆ, ಅಂದರೆ ಅತಿ ತೆಳುವಾದ ಗಾಳದ ದಾರ, ಇದಕ್ಕೆ ಹೇಳಿ ಮಾಡಿಸಿದ್ದು. ಅಂದಹಾಗೆ ಬ್ರಿಟಿಷರ ಈ ತಂತಿಗಳು ದುಂಡಗಿರಲಿಲ್ಲ. ಗಾಳಿ ಸೀಳುವಂತೆ ಚಪ್ಪಟೆಯಾಗಿದ್ದವು.

ರೆಕ್ಕೆ ಕೂರಿಸುವ ಮೊದಲೇ, ಬಣ್ಣಕ್ಕೂ ಮೊದಲೇ, ಕೈಡ್ರಿಲ್‌ನಲ್ಲಿ 0.3 ಮಿ.ಮೀ. ಬಿಟ್ ಹಾಕಿ ರಂಧ್ರ ಕೊರೆಯಿರಿ. ಮೇಲಿನ ರೆಕ್ಕೆಯ ಅಡಿಯಲ್ಲಿ 1 ಮಿ.ಮೀ. ಆಳ ಸಾಕು, ಆರಪಾರ ಬೇಡ. ಕೆಳಗಿನ ರೆಕ್ಕೆಯಲ್ಲಿ ಆರಪಾರವೇ ಬೇಕು. ಕೊರೆಯುವಾಗ ತಂತಿ ಹೋಗುವ ಓರೆಯಲ್ಲೇ ಬಿಟ್ ಹಿಡಿಯಿರಿ. ನೆಟ್ಟಗೆ ಕೊರೆದರೆ ಎಳೆ ಅಂಚಿನಲ್ಲಿ ಮುರಿದಂತೆ ಬಾಗುತ್ತದೆ. ಎಳೆಯ ಒಂದು ತುದಿಯನ್ನು ಮೇಲಿನ ರೆಕ್ಕೆಗೆ ಫೆವಿಕ್ವಿಕ್‌ನಿಂದ ಕೂರಿಸಿಬಿಡಿ, ಸೂಜಿಯ ತುದಿಯಲ್ಲಿ ನಿಲ್ಲುವಷ್ಟೇ ಹನಿ. ರೆಕ್ಕೆ ಜೋಡಿಸಿ ಒಣಗಿದ ಮೇಲೆ ಇನ್ನೊಂದು ತುದಿಯನ್ನು ಕೆಳರೆಕ್ಕೆಯ ರಂಧ್ರದಲ್ಲಿ ಹಾಯಿಸಿ, ಬಟ್ಟೆ ಕ್ಲಿಪ್ ನೇತುಹಾಕಿ. ಆ ಭಾರದಲ್ಲಿ ಎಳೆ ನೆಟ್ಟಗಾಗುತ್ತದೆ. ಇನ್ನೂ ಹೆಚ್ಚು ಎಳೆದರೆ ರೆಕ್ಕೆಯೇ ಬಾಗುತ್ತದೆ. ಅಂಟು ಹಾಕಿ, ಒಣಗಿದ ಮೇಲೆ ಹೊಸ ಬ್ಲೇಡಿನಿಂದ ಅಡಿಯಲ್ಲಿ ಸವರಿ ಕತ್ತರಿಸಿ, ರಂಧ್ರ ಮುಚ್ಚಿ, ಎತ್ತಿಟ್ಟ ಕೆನೆಬಣ್ಣ ತಾಗಿಸಿ.

ಕ್ರಮ ಒಳಗಿನಿಂದ ಹೊರಕ್ಕೆ: ಮೊದಲು ಗಿಡ್ಡ ಸ್ಟ್ರಟ್‌ಗಳ ನಡುವಿನವು, ಬಳಿಕ ಮುಂದಿನ ಹಿಂದಿನ ಸ್ಟ್ರಟ್‌ಗಳ ನಡುವೆ ಕತ್ತರಿಯಂತೆ ಹಾಯುವವು, ಅನಂತರ ಇಳಿತದ ತಂತಿ, ಹಾರಾಟದ ತಂತಿ, ಕೊನೆಗೆ ಬಾಲ. ಇಳಿತದ ತಂತಿ ನೆಲದ ಮೇಲೆ ರೆಕ್ಕೆ ಜೋಲದಂತೆ ಹಿಡಿಯುವುದು. ಮೇಲಿನ ರೆಕ್ಕೆಯ ನಡುವಿನಿಂದ ಹೊರಗಿನ ಸ್ಟ್ರಟ್‌ನ ಬುಡಕ್ಕೆ ಒಂಟಿಯಾಗಿ ಬರುತ್ತದೆ. ಹಾರಾಟದ ತಂತಿ ಆಕಾಶದಲ್ಲಿ ರೆಕ್ಕೆ ಮೇಲಕ್ಕೆ ಮಡಚದಂತೆ ತಡೆಯುವುದು. ಕೆಳರೆಕ್ಕೆಯ ಬುಡದಿಂದ ಸ್ಟ್ರಟ್‌ನ ತಲೆಗೆ ಜೋಡಿಯಾಗಿ ಹೋಗುತ್ತದೆ. ಈ ಜೋಡಿಯನ್ನು ಒಂಟಿ ಮಾಡಬೇಡಿ, ತಿಳಿದವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ.

ಕೊನೆಯಲ್ಲಿ ಒಂದೆರಡು ಎಳೆ ಸಡಿಲ ಕಂಡರೆ ಹೊತ್ತಿಸಿದ ಊದುಬತ್ತಿಯ ಕೆಂಡವನ್ನು ಎಳೆಯಿಂದ 1 ಸೆಂ.ಮೀ. ದೂರ ಹಿಡಿದು ಉದ್ದಕ್ಕೂ ಒಮ್ಮೆ ಸಾಗಿಸಿ. ನೈಲಾನ್ ಕುಗ್ಗಿ ವೀಣೆಯ ತಂತಿಯಂತೆ ನಿಲ್ಲುತ್ತದೆ. ಒಂದೇ ಕಡೆ ನಿಲ್ಲಿಸಿದರೆ ಕರಗಿ ತುಂಡಾಗುತ್ತದೆ. ಹಿಗ್ಗುವ ಲೈಕ್ರಾ ಎಳೆ ಬಳಸಿದ್ದರೆ ಬಿಸಿ ಸುತರಾಂ ಕೂಡದು. ಹೊಳೆಯುವ ಬೆಳ್ಳಿ ಬಣ್ಣವೂ ಬೇಡ. ಕಡುಬೂದು ಮಾರ್ಕರ್ ಒಮ್ಮೆ ಸವರಿದರೆ ಉಕ್ಕಿನಂತೆ ಕಾಣುತ್ತದೆ.

ಪ್ರಶ್ನೆ: ಪ್ರೊಪೆಲ್ಲರ್‌ಗೆ ಮರದ ರೇಖೆ ಬರಿಸುವುದು ಹೇಗೆ? (ಹಾಸನದ ಓದುಗರು)

ತಿಳಿ ಮರಳುಬಣ್ಣ ಹೊಡೆದು ಒಂದು ದಿನ ಬಿಡಿ. ಕಲಾವಿದರ ಎಣ್ಣೆಬಣ್ಣದ ಬರ್ನ್ಟ್ ಅಂಬರ್ ಸ್ವಲ್ಪವನ್ನು ರಟ್ಟಿನ ಮೇಲೆ ಹಾಕಿ ಎಣ್ಣೆ ಹೀರಲು ಅರ್ಧ ಗಂಟೆ ಬಿಟ್ಟು, ತೆಳುವಾಗಿ ಬಳಿಯಿರಿ. ಹಳೆಯ, ಒರಟಾದ ಒಣ ಬ್ರಷ್ಷನ್ನು ಅಲಗಿನ ಉದ್ದಕ್ಕೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಮೂರು ದಿನ ಒಣಗಿದ ಮೇಲೆ ಪಾರದರ್ಶಕ ಕಿತ್ತಳೆ ಎಕ್ಸ್-26 ತೆಳುವಾಗಿ ಹೊಡೆದರೆ ವಾರ್ನಿಷ್ ಹಚ್ಚಿದ ಮರದ ಬೆಚ್ಚನೆ ಬಣ್ಣ ಬರುತ್ತದೆ.

ಪ್ರಶ್ನೆ: ಡಿಕಾಲ್ ಅಡಿಯಲ್ಲಿ ಬೆಳ್ಳಿಯಂಥ ಹೊಳಪು. ಚುಕ್ಕಾಣಿಯ ಪಟ್ಟಿಗಳು ಯಾವ ಕ್ರಮ? (ಮುಂಬೈಯ ಓದುಗರು)

ಹೊಳಪಿಲ್ಲದ ಬಣ್ಣದ ಮೇಲ್ಮೈ ಒರಟು. ಡಿಕಾಲ್‌ನ ಕೆಳಗೆ ಗಾಳಿ ಉಳಿದು ಹಾಗೆ ಕಾಣುತ್ತದೆ. ಮೊದಲು ಹೊಳಪಿನ ವಾರ್ನಿಷ್ ಹೊಡೆದು, ಡಿಕಾಲ್ ಹಾಕಿ, ಆಮೇಲೆ ಹೊಳಪಿಲ್ಲದ ಮ್ಯಾಟ್ ವಾರ್ನಿಷ್ ಹೊಡೆಯಿರಿ. ಈಗಾಗಲೇ ಹೊಳೆಯುತ್ತಿದ್ದರೆ ಸೂಜಿಯಿಂದ ಅಲ್ಲಲ್ಲಿ ಚುಚ್ಚಿ ಡಿಕಾಲ್ ಮೆತ್ತಗೆ ಮಾಡುವ ದ್ರಾವಣ ಹಚ್ಚಿ. ಚುಕ್ಕಾಣಿಯಲ್ಲಿ ನೀಲಿ ಮುಂದೆ, ನಡುವೆ ಬಿಳಿ, ಹಿಂದೆ ಕೆಂಪು. 1930ರಲ್ಲಿ ಈ ಕ್ರಮ ತಿರುವುಮುರುವಾಯಿತು, ಹಾಗಾಗಿ ನಂತರದ ವಿಮಾನಗಳ ಚಿತ್ರ ನೋಡಿ ಹಾಕಬೇಡಿ. ಪಿಸಿ10 ಮೇಲಿನ ಬ್ರಿಟಿಷ್ ಗುರುತಿನ ವೃತ್ತಗಳಿಗೆ ಹೊರಗೆ ತೆಳು ಬಿಳಿ ಗೆರೆ ಇರುತ್ತದೆ. ಕೆನೆಬಣ್ಣದ ಕೆಳಮೈಯವಕ್ಕೆ ಇರದು.

ಪ್ರಶ್ನೆ: ಇಂದ್ರಲಾಲ್ ರಾಯ್ ಹಾರಿಸಿದ ಎಸ್‌ಇ5ಎ ಕಟ್ಟಬೇಕೆಂದಿದ್ದೇನೆ. ಏನು ಗಮನಿಸಬೇಕು? (ಶಿವಮೊಗ್ಗದ ಓದುಗರು)

ಒಳ್ಳೆಯ ಆಯ್ಕೆ. ಕಲ್ಕತ್ತದಲ್ಲಿ ಹುಟ್ಟಿದ ರಾಯ್, ಬ್ರಿಟಿಷ್ ವಾಯುಪಡೆಯ 40ನೇ ಸ್ಕ್ವಾಡ್ರನ್ನಿನಲ್ಲಿ 1918ರ ಜುಲೈ ಒಂದೇ ತಿಂಗಳಲ್ಲಿ ಹತ್ತು ಗೆಲುವು ಸಾಧಿಸಿ, ಅದೇ ತಿಂಗಳು 22ರಂದು ಫಾಕರ್ ಡಿ7ಗಳೊಡನೆ ಕಾದಾಡುತ್ತ ತೀರಿಕೊಂಡರು. ಆಗ ಅವರಿಗೆ ಹತ್ತೊಂಬತ್ತು ವರ್ಷ.

ಅವರು ಹಾರಿಸಿದ ವಿಮಾನಗಳಲ್ಲಿ ಯಾವ ಕ್ರಮಸಂಖ್ಯೆಯದನ್ನು ಕಟ್ಟುತ್ತೀರಿ ಎಂಬುದನ್ನು ಕಿಟ್ ಕೊಳ್ಳುವ ಮೊದಲೇ ಗಟ್ಟಿಮಾಡಿಕೊಳ್ಳಿ. ಎಂಜಿನ್ ನಿರ್ಧಾರವಾಗುವುದು ಅದರಿಂದ. ಗೇರ್ ಇದ್ದ ಹಿಸ್ಪಾನೊ-ಸುಯಿಜಾ ಎಂಜಿನ್ನಿಗೆ ಸಾಮಾನ್ಯವಾಗಿ ನಾಲ್ಕು ಅಲಗಿನ ಪ್ರೊಪೆಲ್ಲರ್. ಗೇರ್ ಇಲ್ಲದ ವೂಲ್ಸ್‌ಲಿ ವೈಪರ್‌ಗೆ ಎರಡು ಅಲಗು. ಮೂತಿಯ ರೇಡಿಯೇಟರ್ ಆಕಾರವೂ ಬೇರೆ. ಪೆಟ್ಟಿಗೆಯಲ್ಲಿ ಎರಡೂ ಬಗೆಯ ಭಾಗ ಇದ್ದರೆ ಬೇಡದವನ್ನು ಮೊದಲೇ ಕತ್ತರಿಸಿ ಬೇರೆ ಡಬ್ಬಿಗೆ ಹಾಕಿ. ವಿಕರ್ಸ್ ಬಂದೂಕು ಮೂತಿಯ ಮೇಲೆ ಪೈಲಟ್‌ನ ಎಡಕ್ಕೆ, ನಡುವೆ ಅಲ್ಲ. ಮೇಲಿನ ರೆಕ್ಕೆಯ ಲೂಯಿಸ್ ಬಂದೂಕು ಬಾಗಿದ ಹಳಿಯ ಮೇಲೆ ಕೂರುತ್ತದೆ. ಆ ಹಳಿ ಕೂದಲೆಳೆಯಷ್ಟು ನಾಜೂಕು. ತಂತಿ ಕೆಲಸವೆಲ್ಲ ಮುಗಿದ ಮೇಲೆಯೇ ಅದನ್ನು ಅಂಟಿಸಿ, ಇಲ್ಲವಾದರೆ ಅಂಗಿಯ ತೋಳು ತಾಗಿ ಮುರಿಯುವ ಮೊದಲ ಭಾಗ ಅದೇ ಆಗುತ್ತದೆ.